ರಸವಿದ್ಯೆ, ಧರ್ಮ, ವಿಜ್ಞಾನ: ಮೂರೂ ಮನುಷ್ಯನ ಚೈತನ್ಯವನ್ನು ಹೇಗೆ ಕಂಡಿವೆ?

ಎಲ್ಲ ಶುರುವಾಗುವುದು ಉಸಿರಿನಿಂದ. ಚೈತನ್ಯವನ್ನು ಹೇಳುವ ಹೀಬ್ರೂವಿನ ರೂಅಖ್, ಗ್ರೀಕಿನ ನ್ಯೂಮಾ ಪದಗಳೆರಡಕ್ಕೂ ಗಾಳಿ, ಉಸಿರು ಎಂಬ ಅರ್ಥವೂ ಉಂಟು. ನಮ್ಮ 'ಪ್ರಾಣ'ವೂ ಹಾಗೇ. ಧರ್ಮಗಳು ಅದನ್ನು ದೈವದತ್ತ ಎಂದವು.

ನನಗೆ ತುಂಬಾ ಹಿಡಿಸುವುದು ರಸವಾದಿಗಳ, ಅಂದರೆ ಕೀಳು ಲೋಹವನ್ನು ಚಿನ್ನವಾಗಿಸಲು ಹೊರಟ ಹಳೆಯ ಪ್ರಯೋಗಕಾರರ ದಾರಿ. ಅವರು ಚೈತನ್ಯವನ್ನು ಪಾತ್ರೆಯಲ್ಲೇ ಕಂಡರು: ವೈನ್ ಕಾಯಿಸಿದರೆ ಕಾಣದ ಆವಿ ಮೇಲೇರಿ, ಕೊಳವೆಯಲ್ಲಿ ತಣಿದು, ತಿಳಿಯಾದ ಹನಿಯಾಗಿ ಇಳಿಯುತ್ತದೆ. ಆ ಸಾರವೇ 'ಸ್ಪಿರಿಟ್', ಅಂದರೆ ಚೈತನ್ಯ. ಮದ್ಯಸಾರಕ್ಕೆ ಇಂದಿಗೂ ಅದೇ ಹೆಸರು! 16ನೇ ಶತಮಾನದ ಸ್ವಿಸ್ ವೈದ್ಯ, ರಸವಾದಿ ಪ್ಯಾರಾಸೆಲ್ಸಸ್ ಪಾದರಸವನ್ನು ಚೈತನ್ಯಕ್ಕೆ, ಗಂಧಕವನ್ನು ಆತ್ಮಕ್ಕೆ, ಉಪ್ಪನ್ನು ದೇಹಕ್ಕೆ ಹೊಂದಿಸಿದ.

'ಆತ್ಮದ ತೂಕ 21 ಗ್ರಾಂ' ಎಂಬುದನ್ನು ಮಾತ್ರ ನಂಬಬೇಡಿ. ಅಮೆರಿಕದ ವೈದ್ಯ ಡಂಕನ್ ಮ್ಯಾಕ್‌ಡೂಗಲ್ 1907ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೂಗಿದ್ದು ಸಾಯುತ್ತಿದ್ದ ಆರೇ ಜನರನ್ನು. ಆ ಅಂಕಿ ಬಂದದ್ದು ಒಬ್ಬರಿಂದ. ಈಗಿನ ವಿಜ್ಞಾನ ಕೇಳುವುದು ಪ್ರಜ್ಞೆಯ ಬಗ್ಗೆ: ನರಕೋಶಗಳ ಚಟುವಟಿಕೆ 'ನಾನು' ಎಂಬ ಅನುಭವವಾಗುವುದು ಹೇಗೆ? ಅದಿನ್ನೂ ಬಗೆಹರಿದಿಲ್ಲ.