ಎರಡು ತಿಂಗಳ ಶಿಟ್ಜು ನಾಯಿಮರಿಗೆ ಸ್ವಲ್ಪ ಭೇದಿ: ಎಷ್ಟು ದಿನ ಕಾದು ನೋಡಬಹುದು?

ದಿನದ ಲೆಕ್ಕ ಬಿಡಿ, ಗಂಟೆ ಲೆಕ್ಕಕ್ಕೆ ಬನ್ನಿ. ನಿನ್ನೆಯಿಂದ ಭೇದಿ, ಇವತ್ತು ಬೆಳಿಗ್ಗೆ ಊಟ ಮುಟ್ಟಿಲ್ಲ, ಆದರೂ ಆಗೀಗ ಆಡುತ್ತೆ, ಒಂದೆರಡು ದಿನ ಹೊಟ್ಟೆಗೆ ರೆಸ್ಟ್ ಕೊಟ್ಟು ಮನೆಮದ್ದು ಮಾಡಿದರೆ ಸಾಕಾ ಅಂತ ಕೇಳಿದ್ದೀರಿ. ಆ "ಹೊಟ್ಟೆಗೆ ರೆಸ್ಟ್" ಅನ್ನೋ ಮಾತು ನೋಡಿಯೇ ನಾನು ಬರೆಯೋಕೆ ಕೂತಿದ್ದು. ಇದನ್ನು ಓದುವ ಹೊತ್ತಿಗೂ ಮರಿ ಏನೂ ತಿಂದಿಲ್ಲ ಅಂದರೆ ಫೋನ್ ಕೆಳಗಿಟ್ಟು ಒಂದು ಚಮಚ ಏನಾದರೂ ತಿನ್ನಿಸಿ ಬನ್ನಿ. ಬಾಯಿ ಮುಚ್ಚಿಕೊಂಡು ಹಠ ಮಾಡಿದರೆ ಮುಂದೆ ಓದುವುದೇ ಬೇಡ, ಡಾಕ್ಟರ ಹತ್ತಿರ ಹೊರಡಿ.

ನಮ್ಮದು ಶಿವಮೊಗ್ಗ. ಮನೆಗೆ ಬಂದಿದ್ದು ಪಾಮೇರಿಯನ್ ಮರಿ. (ನಮ್ಮ ಕಡೆ ಪಾಮೇರಿಯನ್ ಅಂತ ಮಾರುವುದರಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್, ಆ ಜಗಳ ಇನ್ನೊಂದು ದಿನ ಮಾಡೋಣ.) ಹೆಸರು ಬೆಣ್ಣೆ. ತೂಕ ಒಂದು ಕೆಜಿಯೂ ಇಲ್ಲ. ಮಾರಿದವನು "ನಲವತ್ತೈದು ದಿನ ಆಗಿದೆ ಸಾರ್, ಎಲ್ಲಾ ತಿನ್ನುತ್ತೆ" ಅಂದಿದ್ದ. ಎಂಟು ವಾರ ತುಂಬದ ಮರಿಯನ್ನು ಮಾರಲೇಬಾರದು ಅಂತ 2017ರಲ್ಲೇ ಕೇಂದ್ರ ಸರ್ಕಾರದ ನಿಯಮ ಬಂದಿದೆ. ಅದು ಮಾರುವವರಿಗೆ ಚೆನ್ನಾಗಿ ಗೊತ್ತು, ಕೊಳ್ಳುವವರಿಗೆ ಗೊತ್ತಿರಲ್ಲ. ನಿಮ್ಮ ಮರಿಗೂ "ಎರಡು ತಿಂಗಳು" ಅಂದಿದ್ದಾರಲ್ಲ, ಅದನ್ನು ಪೂರ್ತಿ ನಂಬಬೇಡಿ. ಡಾಕ್ಟರು ಹಲ್ಲು ನೋಡಿ ಅಂದಾಜು ಹೇಳುತ್ತಾರೆ.

ಆಷಾಢದ ಮಳೆ ಹಿಡಿದಿತ್ತು. ಬೆಣ್ಣೆಗೆ ನಾವು ಪ್ರೀತಿಯಿಂದ ಹಸುವಿನ ಹಾಲು, ಬಿಸ್ಕತ್ತು ಕೊಟ್ಟೆವು. ಹೊಟ್ಟೆ ಕೆಟ್ಟಿತು. ಕೆಡದೆ ಇನ್ನೇನು? ತಾಯಿ ಬಿಟ್ಟು ಬಂದ ಮರಿ, ಆಹಾರ ರಾತ್ರೋರಾತ್ರಿ ಬದಲಾಗಿದೆ, ಮೇಲೆ ಹಸುವಿನ ಹಾಲು. ಅದರಲ್ಲಿರುವ ಲ್ಯಾಕ್ಟೋಸ್ ಅನ್ನೋ ಸಕ್ಕರೆ ಎಷ್ಟೋ ಮರಿಗಳಿಗೆ ಜೀರ್ಣವಾಗಲ್ಲ. ಇಲ್ಲಿಯವರೆಗೆ ಅದು ನಿಜವಾಗಿಯೂ ಸಣ್ಣ ಸಮಸ್ಯೆಯೇ.

ಅದನ್ನು ದೊಡ್ಡದು ಮಾಡಿದ್ದು ನಾನು. ಅಮ್ಮ "ಲಂಘನಂ ಪರಮೌಷಧಂ ಕಣೋ, ಒಂದು ಹೊತ್ತು ಏನೂ ಹಾಕಬೇಡ, ತಾನಾಗೇ ಸರಿಹೋಗುತ್ತೆ" ಅಂದರು. ಅಮ್ಮನ ಮೇಲೆ ಹಾಕುವುದಿಲ್ಲ. ನಮಗೆಲ್ಲ ಹೊಟ್ಟೆ ಕೆಟ್ಟಾಗ ಅವರು ಹಾಗೇ ಮಾಡಿ ಬೆಳೆಸಿದ್ದಾರೆ. ನಾನು ಇಂಟರ್ನೆಟ್‌ನಲ್ಲಿ ಹುಡುಕಿದೆ, ಅಲ್ಲೂ ಭೇದಿಯಾದ ನಾಯಿಗೆ ಹನ್ನೆರಡು ಗಂಟೆ ಊಟ ನಿಲ್ಲಿಸಿ ಅಂತ ಸಿಕ್ಕಿತು. ಅಮ್ಮನೂ ಹೇಳಿದರು, ಗೂಗಲ್ಲೂ ಹೇಳಿತು, ಇನ್ನೇನು ಬೇಕು? ಮಧ್ಯಾಹ್ನದಿಂದ ಊಟ ಬಂದ್. ಸಂಜೆ ಬಟ್ಟಲ ಹತ್ತಿರ ಬಂದು ನಿಂತು ನನ್ನ ಮುಖ ನೋಡಿತು. ಕೊಡಲಿಲ್ಲ. ರಾತ್ರಿ ಸುಮ್ಮನೆ ಮಲಗಿತು. ಭೇದಿಯೂ ನಿಂತಿತು. ಮದ್ದು ಕೆಲಸ ಮಾಡಿತು ಅಂತ ನಾವೂ ಮಲಗಿದೆವು.

ಆ ಹನ್ನೆರಡು ಗಂಟೆಯ ಸಲಹೆ ಯಾರಿಗೆ ಅಂತ ನಾನು ಓದಿರಲಿಲ್ಲ. ಬೆಳೆದ ನಾಯಿಗೆ. ಲ್ಯಾಬ್ರಡಾರ್ ಒಂದು ದಿನ ತಿನ್ನದಿದ್ದರೆ ಅದರ ಲಿವರ್‌ನಲ್ಲಿ ದಾಸ್ತಾನು ಇರುತ್ತೆ, ಮೈಮೇಲೆ ಕೊಬ್ಬಿರುತ್ತೆ, ಮಾಂಸಖಂಡ ಇರುತ್ತೆ, ಅದರಿಂದ ಸಕ್ಕರೆ ಮಾಡಿಕೊಂಡು ಸಂಭಾಳಿಸುತ್ತೆ. (ದೊಡ್ಡ ನಾಯಿಗೂ ಈ ಉಪವಾಸ ಬೇಡ, ಬೇಗ ಸಪ್ಪೆ ಊಟ ಶುರು ಮಾಡಿ ಅಂತಲೇ ಈಗ ಹೆಚ್ಚಿನ ವೈದ್ಯರು ಹೇಳುವುದು.) ಕೈ ಬೊಗಸೆಯಲ್ಲಿ ಹಿಡಿಯುವ ಮರಿಯದ್ದು ದಿನಗೂಲಿಯ ಸಂಸಾರದ ಹಾಗೆ, ಅಂದಿನದ್ದು ಅಂದಿಗೇ. ಲಿವರ್ ಇರುವುದೇ ಇಷ್ಟು, ಕೊಬ್ಬು ಇಲ್ಲವೇ ಇಲ್ಲ. ಮಿದುಳು ಮಾತ್ರ ಮೈಗೆ ಹೋಲಿಸಿದರೆ ದೊಡ್ಡದು, ಅದಕ್ಕೆ ಹೊತ್ತುಹೊತ್ತಿಗೆ ಸಕ್ಕರೆ ಬೇಕು. ಮೇಲೆ ಸಣ್ಣ ಮೈಯಿಂದ ಶಾಖ ಬೇಗ ಹೊರಗೆ ಹೋಗುತ್ತೆ, ಮೈ ಬೆಚ್ಚಗಿಡೋಕೂ ಅದೇ ಸಕ್ಕರೆ ಖರ್ಚು. ಹೊಟ್ಟೆಗೆ ಏನೂ ಹೋಗದೆ ಕೆಲವು ಗಂಟೆ ಕಳೆದರೆ ರಕ್ತದ ಸಕ್ಕರೆ ಕುಸಿಯುತ್ತೆ. ಭೇದಿ, ಜಂತುಹುಳ, ಚಳಿ ಇದ್ದರೆ ಇನ್ನೂ ಬೇಗ. ಪಾಮೇರಿಯನ್, ಚಿಹುವಾಹುವಾ, ಯಾರ್ಕಿ, ಮಾಲ್ಟೀಸ್, ನಿಮ್ಮ ಶಿಟ್ಜು, ಎಲ್ಲಾ ಇದೇ ಸಣ್ಣ ತಳಿಗಳ ಗುಂಪು. ಮೂರು ತಿಂಗಳು ದಾಟುವವರೆಗೆ ಈ ಭಯ ಹೆಚ್ಚು.

ಇನ್ನೊಂದು ವಿಷಯ ಹೇಳಿದರೆ ನಗುತ್ತೀರಿ. ಅಪ್ಪನಿಗೆ ಸಕ್ಕರೆ ಕಾಯಿಲೆ. ಶುಗರ್ ಇಳಿದಾಗ ಅವರ ಕೈ ನಡುಗುವುದು, ಕಣ್ಣು ಎಲ್ಲೋ ನೆಡುವುದು, ಮಾತು ತೊದಲುವುದು ಇದನ್ನೆಲ್ಲ ನಾನು ಹುಡುಗನಿಂದ ನೋಡಿದ್ದೇನೆ. ಬೆಳಗಿನ ಜಾವ ಬೆಣ್ಣೆ ಎದ್ದು, ಕುಡಿದವರ ಹಾಗೆ ಹಿಂಗಾಲು ತಪ್ಪಿ ತಪ್ಪಿ ಇಟ್ಟು, ನಡುಗುತ್ತಾ ಗೋಡೆಗೆ ಒರಗಿತು. ನಾನು ಮಾಡಿದ್ದೇನು? ಮಳೆ ಚಳಿಗೆ ನಡುಗುತ್ತಿದೆ ಅಂತ ಕಂಬಳಿ ಸುತ್ತಿದೆ. ಮೂಗು ಮುಟ್ಟಿ ನೋಡಿದೆ, ತಣ್ಣಗೆ ಒದ್ದೆ ಇತ್ತು, "ಆರೋಗ್ಯವಾಗಿದೆ" ಅಂದುಕೊಂಡೆ. ಈ ಮೂಗಿನ ಪರೀಕ್ಷೆ ಕಂಡುಹಿಡಿದವರು ಯಾರೋ ಗೊತ್ತಿಲ್ಲ, ಅದನ್ನು ಮಾತ್ರ ನಂಬಬೇಡಿ. ಸ್ವಲ್ಪ ಹೊತ್ತಿಗೆ ಕತ್ತು ಹಿಂದಕ್ಕೆ ಸೆಟೆದು ಕಾಲು ಈಜುವ ಹಾಗೆ ಆಡಿಸತೊಡಗಿತು. ಫಿಟ್ಸ್.

ಲಸಿಕೆ ಹಾಕಿಸಿದ್ದ ಡಾಕ್ಟರಿಗೆ ಆ ಹೊತ್ತಲ್ಲೇ ಫೋನ್ ಮಾಡಿದೆ. ಅವರು ಕೇಳಿದ ಮೊದಲ ಪ್ರಶ್ನೆ ಭೇದಿಯದ್ದಲ್ಲ. "ಕೊನೇ ಸಲ ತಿಂದಿದ್ದು ಯಾವಾಗ?"

"ನಿನ್ನೆ ಬೆಳಿಗ್ಗೆ ಸಾರ್."

"ಯಾರು ಮಾರಾಯ್ರೇ ನಿಮಗೆ ಹೇಳಿದ್ದು ಉಪವಾಸ ಹಾಕೋಕೆ? ಬಾಯಿಗೆ ನೀರು ಗೀರು ಸುರಿಬೇಡಿ, ಶ್ವಾಸಕೋಶಕ್ಕೆ ಹೋಗುತ್ತೆ. ಸಕ್ಕರೆ ಪಾಕದ ಹಾಗೆ ಗಟ್ಟಿ ಕಲಸಿ, ಬೆರಳಲ್ಲಿ ಒಸಡಿಗೆ ಉಜ್ಜುತ್ತಾ ಕರ್ಕೊಂಡು ಬನ್ನಿ."

ಒಸಡು ಬೂದು ಬಣ್ಣಕ್ಕೆ ತಿರುಗಿ ತಣ್ಣಗೆ ಅಂಟಂಟಾಗಿತ್ತು. ಕಿರುಬೆರಳಿಗೆ ಪಾಕ ಅದ್ದಿ ತುಟಿಯ ಒಳಗಡೆ, ಕೋರೆಹಲ್ಲಿನ ಮೇಲೆ ಉಜ್ಜುತ್ತಾ ಹೋದೆ. ಅಕ್ಕಿಕಾಳಿನಂಥ ಹಲ್ಲು ಬೆರಳಿಗೆ ಚುಚ್ಚುತ್ತಿತ್ತು. ಆಟೋ ಸಿಗುವಷ್ಟರಲ್ಲಿ ನಾಲಿಗೆ ಒಂದು ಸಲ ಅಲುಗಿತು, ಆಮೇಲೆ ನೆಕ್ಕತೊಡಗಿತು. ಕ್ಲಿನಿಕ್ಕಿನಲ್ಲಿ ಕಿವಿಯಂಚಿಗೆ ಚುಚ್ಚಿ ಮೀಟರ್‌ನಲ್ಲಿ ನೋಡಿದರೆ ರಕ್ತದ ಸಕ್ಕರೆ 38. ದಾರಿಯುದ್ದಕ್ಕೂ ಸಕ್ಕರೆ ಉಜ್ಜಿದ ಮೇಲೂ ಅಷ್ಟೇ! 60ಕ್ಕಿಂತ ಕೆಳಗೆ ಬಂದರೆ ಅಪಾಯ. ಮೈ ಶಾಖ 97 ಡಿಗ್ರಿ. ನಾಯಿಗೆ 101ರಿಂದ 102.5 ಫ್ಯಾರನ್‌ಹೀಟ್ ಇರಬೇಕು. ರಕ್ತನಾಳಕ್ಕೆ ಡೆಕ್ಸ್‌ಟ್ರೋಸ್ ಅನ್ನೋ ಸಕ್ಕರೆ ದ್ರಾವಣ, ಪಕ್ಕದಲ್ಲಿ ಬಟ್ಟೆ ಸುತ್ತಿದ ಬಿಸಿನೀರಿನ ಬಾಟ್ಲಿ. ಮಲ ಪರೀಕ್ಷೆಯಲ್ಲಿ ದುಂಡುಹುಳದ ಮೊಟ್ಟೆ ಸಿಕ್ಕವು. ಭೇದಿಗೆ ಹಾಲಿನ ಜೊತೆ ಅದೂ ಕಾರಣ. ಎಲ್ಲಾ ಮುಗಿದಾಗ ಬಿಲ್ಲು ಮರಿ ಕೊಂಡ ದುಡ್ಡನ್ನು ದಾಟಿತ್ತು. ಬೆಣ್ಣೆ ಬದುಕಿತು. ಈಗ ಬಾಗಿಲಲ್ಲಿ ಗ್ಯಾಸ್ ಸಿಲಿಂಡರಿನವನಿಗೆ ಬೊಗಳುತ್ತಿದೆ.

ಈಗ ನಿಮ್ಮ ಪ್ರಶ್ನೆ. "ಸಣ್ಣಪುಟ್ಟದ್ದಕ್ಕೆಲ್ಲ ಡಾಕ್ಟರ ಹತ್ತಿರ ಓಡಬೇಕಾ" ಅಂದಿದ್ದೀರಿ. ಸಣ್ಣದು ದೊಡ್ಡದು ಅನ್ನುವುದು ರೋಗದ ಮೇಲಲ್ಲ, ಮರಿಯ ತೂಕ ಮತ್ತು ವಯಸ್ಸಿನ ಮೇಲೆ. ಅದೇ ತೆಳು ಭೇದಿ ಎರಡು ವರ್ಷದ ನಾಯಿಗಾದರೆ ನಾನೂ ಕಾಯಿರಿ ಅನ್ನುತ್ತಿದ್ದೆ. ನಿಮ್ಮದಕ್ಕೆ ಒಂದು ಹೊತ್ತಿನ ಊಟ ತಪ್ಪಿದ್ದೇ ಲಕ್ಷಣ, ಇವತ್ತೇ ಡಾಕ್ಟರ ಹತ್ತಿರ ಹೋಗಿ. ತಿನ್ನುತ್ತಿದ್ದು, ಆಡುತ್ತಿದ್ದು, ಬರೀ ಮಲ ಮೆತ್ತಗಿದ್ದರೆ ಒಂದು ದಿನ ನೋಡಬಹುದು: ಉಪ್ಪು, ಎಣ್ಣೆ, ಮಸಾಲೆ ಏನೂ ಇಲ್ಲದೆ ಬೇಯಿಸಿದ ಕೋಳಿ, ಜೊತೆಗೆ ಮುದ್ದೆಯಾಗುವಷ್ಟು ಬೆಂದ ಅನ್ನ, ಮೂರು ನಾಲ್ಕು ಗಂಟೆಗೊಮ್ಮೆ ಚಮಚದ ಲೆಕ್ಕದಲ್ಲಿ, ರಾತ್ರಿ ಮಲಗುವ ಮುಂಚೆಯೂ ಒಮ್ಮೆ. ಕುಡಿಯೋ ನೀರು ಸದಾ ಇರಲಿ. ಹಾಲು ಬಂದ್. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಯಾವತ್ತೂ ಬೇಡ, ಅದು ರಕ್ತಕಣ ಒಡೆಯುತ್ತೆ.

ಮೆಡಿಕಲ್ ಶಾಪಿಗೆ ಹೋಗಿ ಭೇದಿ ಮಾತ್ರೆ ತರಬೇಡಿ. ಮೈ ಬಿಸಿ ಅನಿಸಿದರೆ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಅಂತೂ ಮುಟ್ಟಲೇಬೇಡಿ. ನಮ್ಮ ಅರ್ಧ ಮಾತ್ರೆ ಅಂದರೆ ಅದಕ್ಕೆ ಎಷ್ಟೋ ಪಟ್ಟು ಹೆಚ್ಚು.

ರಕ್ತ ಕಂಡರೆ, ವಾಂತಿ ಸೇರಿದರೆ, ಒಸಡು ಬಿಳುಚಿದರೆ, ಕರೆದರೂ ತಲೆ ಎತ್ತದಿದ್ದರೆ ಒಂದು ದಿನವೂ ಇಲ್ಲ, ಆ ಕ್ಷಣವೇ. ಇದರಲ್ಲಿ ಪಾರ್ವೊ (ಮರಿಗಳ ಜೀವ ತೆಗೆಯುವ ವೈರಸ್ ಭೇದಿ) ಇರಬಹುದು. "ಒಂದು ಇಂಜೆಕ್ಷನ್ ಆಗಿದೆ" ಅನ್ನೋ ಧೈರ್ಯ ಬೇಡ. ತಾಯಿಯಿಂದ ಬಂದ ರಕ್ಷಣೆ ಮೊದಲ ಲಸಿಕೆಯನ್ನೇ ಹಿಡಿಯದಂತೆ ಮಾಡಬಹುದು, ಅದಕ್ಕೇ ಹದಿನಾರು ವಾರದವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ ಮತ್ತೆ ಹಾಕುವುದು. ಪಾರ್ವೊ ಕಿಟ್ ಪರೀಕ್ಷೆ ಹತ್ತು ಹದಿನೈದು ನಿಮಿಷದ ಕೆಲಸ. ಜಂತುಹುಳದ ಔಷಧಿಯೂ ಹಾಗೇ, ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ತೂಕ ನೋಡಿ. "ಮಾರಿದವರು ಹಾಕಿದ್ದಾರಂತೆ" ಅಂದರೆ ಹಾಕಿಲ್ಲ ಅಂತಲೇ ತಿಳಿಯಿರಿ.

ಒಸಡು ನೋಡುವುದನ್ನು ಇವತ್ತೇ ಕಲಿಯಿರಿ, ಮರಿ ಚೆನ್ನಾಗಿದ್ದಾಗಲೂ. ಬೆರಳಿಂದ ಒತ್ತಿ ಬಿಟ್ಟರೆ ಬೆಳ್ಳಗಾಗಿ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ಸರಿ ಇರುವಾಗ ಹೇಗಿರುತ್ತೆ ಅಂತ ಗೊತ್ತಿದ್ದರೇ ತಾನೆ ಕೆಟ್ಟಾಗ ಗೊತ್ತಾಗುವುದು.

ಪ್ರಶ್ನೆಯ ಕೊನೆಗೆ ಇನ್ನೂ ಎರಡು ಕೇಳಿದ್ದೀರಿ. ಮೂಗಿಂದ ಗೊರಕೆಯಂತೆ ಉಸಿರು ಒಳಗೆಳೆದು ಕತ್ತು ಚಾಚಿ ನಿಲ್ಲುತ್ತೆ, ಮತ್ತೆ ಏನೂ ಆಗದ ಹಾಗೆ ಓಡಾಡುತ್ತೆ ಅನ್ನುವುದು ಬಹುಶಃ ಉಲ್ಟಾ ಸೀನು, ಸಣ್ಣ ತಳಿಗಳಲ್ಲಿ ಮಾಮೂಲು. ಗಂಟಲು ನೀವಿದರೆ ಸಾಮಾನ್ಯವಾಗಿ ನಿಲ್ಲುತ್ತೆ. ಒಂದು ವಿಡಿಯೋ ಮಾಡಿ ಡಾಕ್ಟರಿಗೆ ತೋರಿಸಿ, ಸಾಕು. ಕುತ್ತಿಗೆಗೆ ಪಟ್ಟಿ ಹಾಕಿ ಎಳೆಯಬೇಡಿ, ಎದೆಗೆ ಹಾಕುವ ಪಟ್ಟಿ (ಹಾರ್ನೆಸ್) ತನ್ನಿ. ಕಣ್ಣಿನ ಕೆಳಗಿನ ಕಂದು ಕಲೆಯೂ ಶಿಟ್ಜುಗೆ ಸಾಮಾನ್ಯ, ಒದ್ದೆ ಬಟ್ಟೆಯಲ್ಲಿ ಒರೆಸಿ, ಕಣ್ಣಿಗೆ ಚುಚ್ಚುವ ಕೂದಲು ಕತ್ತರಿಸಲು ಹೇಳಿ. ಆದರೆ ಒಂದು ಕಣ್ಣು ಮುಚ್ಚಿಕೊಂಡೇ ಇದ್ದರೆ, ಕಾಲಿಂದ ಉಜ್ಜುತ್ತಿದ್ದರೆ ಅದು ಅದೇ ದಿನದ ಕೆಲಸ. ಈ ಉಬ್ಬುಗಣ್ಣಿನ ನಾಯಿಗಳಲ್ಲಿ ಕಣ್ಣಿನ ಹುಣ್ಣು ಬೇಗ ಆಳಕ್ಕೆ ಇಳಿಯುತ್ತೆ.

ನಿಮ್ಮ ಪ್ರಶ್ನೆಯಲ್ಲಿ ತೂಕವೇ ಇಲ್ಲ. ಅಡುಗೆಮನೆ ತಕ್ಕಡಿಯಲ್ಲಿ ಒಂದು ಡಬ್ಬಿ ಇಟ್ಟು ಮರಿಯನ್ನು ಕೂರಿಸಿ ತೂಗಿ, ಬರೆದುಕೊಳ್ಳಿ, ಇನ್ನು ಮುಂದೆ ದಿನಾ ಬೆಳಿಗ್ಗೆ ತೂಗಿ. ಈ ವಯಸ್ಸಿನಲ್ಲಿ ತೂಕ ಏರುತ್ತಾ ಹೋಗಬೇಕು, ನಿಂತರೂ ತಪ್ಪು. ಡಾಕ್ಟರ ಹತ್ತಿರ ಹೊರಡುವಾಗ ಲಸಿಕೆ ಕಾರ್ಡು, ಒಂದು ಡಬ್ಬಿಯಲ್ಲಿ ಇವತ್ತಿನ ಮಲ, ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರಲಿ. ತಿನ್ನುವ ಹಾಗಿದ್ದರೆ ಒಂದು ಚಮಚ ಅನ್ನ ಕೋಳಿ ತಿನ್ನಿಸಿಯೇ ಎತ್ತಿಕೊಳ್ಳಿ. ಕ್ಲಿನಿಕ್ಕಿನ ನೆಲದ ಮೇಲೆ ಮಾತ್ರ ಬಿಡಬೇಡಿ, ನಿಮಗಿಂತ ಮುಂಚೆ ಅಲ್ಲಿ ಯಾವ ನಾಯಿ ಏನು ಮಾಡಿ ಹೋಗಿದೆಯೋ. ತೊಡೆ ಮೇಲೇ ಇಟ್ಟುಕೊಂಡು ಕೂತಿರಿ. ಡಾಕ್ಟರು ಏನಂದರು ಅಂತ ಕೆಳಗೆ ಬರೆಯಿರಿ, ರಾತ್ರಿ ನೋಡುತ್ತೇನೆ.