ಕಿವಿಗೆ ಸೂಜಿ ಹಾಕಿಸಿದರೆ ಕುಡಿತ ಬಿಡುತ್ತಾ, ಖಿನ್ನತೆ ಹೋಗುತ್ತಾ?

ನಿಮ್ಮ ಪ್ರಶ್ನೆ ಓದಿದೆ. ನಿಮ್ಮ ತಮ್ಮ ಹಲವು ವರ್ಷದಿಂದ ದಿನಾ ಕುಡಿಯುತ್ತಿದ್ದಾನೆ, ಖಿನ್ನತೆಗೆ ಮಾತ್ರೆಯೂ ನಡೆಯುತ್ತಿದೆ. ಚೀನಾ ಪದ್ಧತಿಯ ಚಿಕಿತ್ಸಕರೊಬ್ಬರು ‘ಇವನ ಲಿವರ್‌ನಲ್ಲಿ ಚೀ ಕಟ್ಟಿಕೊಂಡಿದೆ. ಕಿವಿಗೆ ಸೂಜಿ ಹಾಕಿ, ಗಿಡಮೂಲಿಕೆ ಪುಡಿ ಕೊಟ್ಟು ಎರಡನ್ನೂ ಸರಿ ಮಾಡ್ತೀನಿ, ಮಾತ್ರೆ ನಿಲ್ಲಿಸಿ’ ಅಂದಿದ್ದಾರೆ (ಚೀ ಅಂದರೆ ಚೀನಾ ವೈದ್ಯದ ಪ್ರಕಾರ ಮೈಯಲ್ಲಿ ಹರಿಯುವ ಪ್ರಾಣಶಕ್ತಿ). ನಂಬಬಹುದಾ, ಸೂಜಿಗೆ ಹೆದರುವ ತಮ್ಮನನ್ನು ಹೇಗೆ ಒಪ್ಪಿಸೋದು ಅಂತ ಕೇಳಿದ್ದೀರಿ.

ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಸೂಜಿಗೆ, ಅಂದರೆ ಅಕ್ಯುಪಂಕ್ಚರ್‌ಗೆ, ಕರೆದುಕೊಂಡು ಹೋಗಿ, ಅಡ್ಡಿಯಿಲ್ಲ. ಪುಡಿಯನ್ನು ಮನೋವೈದ್ಯರಿಗೆ ತೋರಿಸದೆ ಬಾಯಿಗೆ ಹಾಕಬೇಡಿ. ಮಾತ್ರೆಯನ್ನಂತೂ ಅವರ ಮಾತು ಕೇಳಿ ನಿಲ್ಲಿಸಲೇಬೇಡಿ. ಈ ಮೂರನ್ನೂ ಯಾಕೆ ಹೇಳುತ್ತೇನೆ ಅಂತ ಮುಂದೆ ಬರೆಯುತ್ತೇನೆ. ವ್ಯಸನ ಬಿಡಿಸುವ ಕೇಂದ್ರದಲ್ಲಿ ಬಹಳ ವರ್ಷ ಕೌನ್ಸೆಲಿಂಗ್ ಮಾಡಿದವಳು ನಾನು. ಅಲ್ಲಿ ವೈದ್ಯರ ಚಿಕಿತ್ಸೆಯ ಜೊತೆಗೇ ಕಿವಿಯ ಸೂಜಿಯೂ ಇತ್ತು. ಹಾಗಾಗಿ ಇದನ್ನು ಹತ್ತಿರದಿಂದ ನೋಡಿದ್ದೇನೆ.

ಈ ಚಿಕಿತ್ಸೆ ಸಾವಿರಾರು ವರ್ಷ ಹಳೆಯದು ಅಂತ ನಿಮಗೆ ಹೇಳಿರುತ್ತಾರೆ. ಸೂಜಿ ಚಿಕಿತ್ಸೆ ಹಳೆಯದೇ. ಆದರೆ ಚಟಕ್ಕೆ ಕಿವಿಯಲ್ಲಿ ಸೂಜಿ ಹಾಕುವ ಈ ಕ್ರಮ ತೀರಾ ಹೊಸದು. ಈಗ ಎಲ್ಲರೂ ಬಳಸುವ ಕಿವಿಯ ನಕ್ಷೆಯನ್ನು 1950ರ ದಶಕದಲ್ಲಿ ಮೊದಲು ಬಿಡಿಸಿದ್ದು ಪಾಲ್ ನೋಜಿಯೆ ಎಂಬ ಫ್ರಾನ್ಸಿನ ವೈದ್ಯರು. ಕಿವಿಯನ್ನು ಅವರು ತಲೆಕೆಳಗಾಗಿ ಮಲಗಿರುವ ಮಗುವಿನ ಆಕಾರದಲ್ಲಿ ಕಂಡರು. ಚೀನಾದವರು ಅದನ್ನು ತೆಗೆದುಕೊಂಡು ತಮ್ಮ ರೀತಿಯಲ್ಲಿ ಬೆಳೆಸಿದರು. ಆಮೇಲೆ 1972ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಎಚ್. ಎಲ್. ವೆನ್ ಎಂಬ ನರಶಸ್ತ್ರಚಿಕಿತ್ಸಕರು ಶಸ್ತ್ರಚಿಕಿತ್ಸೆಯ ನೋವು ತಡೆಯಲು ಸೂಜಿಗೆ ಸಣ್ಣ ವಿದ್ಯುತ್ ಕೊಟ್ಟು ನೋಡುತ್ತಿದ್ದರು. ಅಫೀಮಿನ ಚಟ ಇದ್ದ ರೋಗಿಯೊಬ್ಬ ಅಫೀಮು ಸಿಗದಾಗ ಬರುವ ತನ್ನ ವಿತ್‌ಡ್ರಾವಲ್ ಸಂಕಟವೇ ಇಳಿದುಹೋಯಿತು ಅಂದ. ಶುರುವಾದದ್ದು ಅಲ್ಲಿಂದ, ಆಕಸ್ಮಿಕವಾಗಿ.

ಮುಂದಿನ ಕಥೆ ನ್ಯೂಯಾರ್ಕಿನ ಸೌತ್ ಬ್ರಾಂಕ್ಸ್‌ನದು. ಹೆರಾಯಿನ್ ಆ ಬಡ ಬಡಾವಣೆಯನ್ನು ತಿಂದುಹಾಕುತ್ತಿದ್ದ ಕಾಲ. 1970ರಲ್ಲಿ ಯಂಗ್ ಲಾರ್ಡ್ಸ್ ಎಂಬ ಪೋರ್ಟೊರಿಕೊ ಮೂಲದವರ ಹೋರಾಟದ ಸಂಘಟನೆಯ ಯುವಕರು ಮತ್ತು ಅವರ ಜೊತೆಗಾರರು ಲಿಂಕನ್ ಆಸ್ಪತ್ರೆಯ ಒಂದು ಭಾಗದಲ್ಲಿ ಕೂತು, ಇಲ್ಲಿ ಚಟ ಬಿಡಿಸುವ ಕೇಂದ್ರ ಬೇಕೇ ಬೇಕು ಅಂತ ಹಟ ಹಿಡಿದು ಅದನ್ನು ಶುರು ಮಾಡಿಸಿದರು. ಕೆಲವು ವರ್ಷಗಳಲ್ಲಿ ಅಲ್ಲಿಗೆ ಸೂಜಿ ಬಂತು. ನಂತರ ವಿದ್ಯುತ್ ಬಿಟ್ಟರು, ಬರೀ ಸೂಜಿ ಉಳಿಸಿಕೊಂಡರು. ಕಿವಿಯ ಐದು ಬಿಂದುಗಳು ಗಟ್ಟಿಯಾದವು: ಶೆನ್‌ಮೆನ್, ಸಿಂಪಥೆಟಿಕ್, ಕಿಡ್ನಿ, ಲಿವರ್, ಲಂಗ್. ಅಲ್ಲೇ ಕೆಲಸ ಮಾಡುತ್ತಿದ್ದ ಮೈಕೇಲ್ ಸ್ಮಿತ್ ಎಂಬ ಮನೋವೈದ್ಯರು 1985ರಲ್ಲಿ ‘ನಾಡಾ’ ಎಂಬ ಸಂಸ್ಥೆ ಕಟ್ಟಿದರು. ಅದಕ್ಕೇ ಇವತ್ತಿಗೂ ಇದನ್ನು ನಾಡಾ ಪ್ರೋಟೋಕಾಲ್ ಅನ್ನುತ್ತಾರೆ. ಬೇರೆ ಎಲ್ಲೂ ಬಾಗಿಲು ತೆರೆಯದ ಜನರಿಗೆ ಇಲ್ಲಿ ಬಾಗಿಲು ತೆರೆದಿತ್ತು ಅನ್ನುವುದು ನನಗೆ ಈ ಕಥೆಯಲ್ಲಿ ತುಂಬಾ ದೊಡ್ಡದು.

ಆ ಕೋಣೆಯಲ್ಲಿ ಏನಾಗುತ್ತದೆ ಗೊತ್ತಾ? ಕುರ್ಚಿಗಳನ್ನು ಸುತ್ತ ಹಾಕಿರುತ್ತಾರೆ. ಒಬ್ಬೊಬ್ಬರ ಕಿವಿಯನ್ನೂ ಸ್ಪಿರಿಟ್‌ನಲ್ಲಿ ಒರೆಸಿ, ಕೂದಲಿನಷ್ಟು ಸಣ್ಣ ಸೂಜಿಗಳನ್ನು ಹಾಕುತ್ತಾರೆ. ಚುಚ್ಚಿದಾಗ ಚುರ್ ಅನ್ನುತ್ತದೆ, ಆಮೇಲೆ ಕಿವಿ ಬೆಚ್ಚಗಾಗುತ್ತದೆ. ಮೊದಲ ಐದು ನಿಮಿಷ ಎಲ್ಲರ ಕಾಲೂ ಅಲ್ಲಾಡುತ್ತಿರುತ್ತವೆ. ಆಮೇಲೆ ಒಬ್ಬೊಬ್ಬರದೇ ನಿಲ್ಲುತ್ತದೆ. ಭುಜ ಕೆಳಗಿಳಿಯುತ್ತದೆ, ಉಸಿರು ಉದ್ದವಾಗುತ್ತದೆ. ಯಾರಾದರೂ ಗೊರಕೆ ಹೊಡೆಯುವುದೂ ಉಂಟು. ಮುಕ್ಕಾಲು ಗಂಟೆ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ‘ಯಾಕೆ ಕುಡಿದೆ?’ ಎಂಬ ಪ್ರಶ್ನೆ ಇಲ್ಲದ ಮುಕ್ಕಾಲು ಗಂಟೆ ಅದು. ಕುಡಿಯುವವನಿಗೆ ಮನೆಯಲ್ಲಿ, ಕೆಲಸದಲ್ಲಿ ಅಷ್ಟು ಸಮಯ ಎಲ್ಲಿ ಸಿಗುತ್ತದೆ ಹೇಳಿ? ಕೊನೆಗೆ ಸೂಜಿಗಳನ್ನು ಎಣಿಸಿ ತೆಗೆಯುತ್ತಾರೆ. ಹಾಕಿದಷ್ಟೂ ವಾಪಸ್ ಬರಬೇಕು. ಒಂದು ಕಡಿಮೆ ಬಂದರೆ ನೆಲ, ಕಾಲರ್ ಎಲ್ಲಾ ಹುಡುಕುತ್ತಾರೆ. ಹೀಗೆ ಎಣಿಸುವ ಕಡೆ ಕೆಲಸ ಚೆನ್ನಾಗಿದೆ ಅಂತ ಧೈರ್ಯವಾಗಿ ನಂಬಬಹುದು.

ಹಾಗಾದರೆ ಚಟ ಬಿಡುತ್ತಾ? ಇಲ್ಲಿ ಭರವಸೆಯೂ ಬಂತು, ನಿರಾಸೆಯೂ ಬಂತು. 2000ರಲ್ಲಿ ಕೊಕೇನ್ ಚಟ ಇದ್ದ 82 ಜನರ ಮೇಲೆ ಅಮೆರಿಕದಲ್ಲಿ ಒಂದು ಅಧ್ಯಯನ ನಡೆಯಿತು. ಸರಿಯಾದ ಬಿಂದುವಿಗೆ ಸೂಜಿ ಹಾಕಿಸಿಕೊಂಡವರು ಬೇರೆಯವರಿಗಿಂತ ಜಾಸ್ತಿ ಕೊಕೇನ್ ಬಿಟ್ಟಿದ್ದರು. ಎಲ್ಲರಿಗೂ ಖುಷಿ. ಅದೇ ಪ್ರಯೋಗವನ್ನು 620 ಜನರ ಮೇಲೆ, ಆರು ಕಡೆ, ದೊಡ್ಡದಾಗಿ ಮಾಡಿದರು. 2002ರಲ್ಲಿ ಫಲಿತಾಂಶ ಬಂತು. ಸರಿಯಾದ ಬಿಂದು, ಸುಮ್ನೆ ಪಕ್ಕದಲ್ಲಿ ಎಲ್ಲೋ ಚುಚ್ಚಿದ ಸೂಜಿ, ಸೂಜಿಯೇ ಇಲ್ಲದೆ ವಿಶ್ರಾಂತಿಯ ವಿಡಿಯೊ ನೋಡಿದ್ದು, ಮೂರರಲ್ಲೂ ಕೊಕೇನ್ ಸ್ವಲ್ಪ ಇಳಿದಿತ್ತು. ಆದರೆ ಮೂರರ ನಡುವೆ ವ್ಯತ್ಯಾಸ ಸಿಗಲಿಲ್ಲ. ಕುಡಿತದಲ್ಲೂ ಹೀಗೇ ಆಯಿತು. 1989ರಲ್ಲಿ 80 ಜನರ ಅಧ್ಯಯನ ಬಹಳ ಆಸೆ ಹುಟ್ಟಿಸಿತು, 2002ರಲ್ಲಿ 503 ಜನರ ಅಧ್ಯಯನದಲ್ಲಿ ಆ ಆಸೆ ನಿಲ್ಲಲಿಲ್ಲ. 2016ರಲ್ಲಿ 41 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದವರಿಗೂ, ಮತ್ತೆ ಚಟಕ್ಕೆ ಬೀಳುವುದನ್ನು ಸೂಜಿ ತಡೆಯುತ್ತದೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಬೇಕೇ ಬೇಕು ಅನ್ನಿಸುವ ಕ್ರೇವಿಂಗ್ ಮತ್ತು ಆತಂಕ ಮಾತ್ರ ಸ್ವಲ್ಪ ತಗ್ಗಿದ ಹಾಗೆ ಕಂಡಿತು.

ನಾನು ಕಂಡದ್ದಕ್ಕೂ ಇದಕ್ಕೂ ಏನೂ ಜಗಳವಿಲ್ಲ. ಸೂಜಿಯಿಂದ ಚಟ ಹೋಗುವುದನ್ನು ನಾನು ನೋಡಿಲ್ಲ. ಸೂಜಿಯಿಂದ ಮನುಷ್ಯ ಮಾರನೇ ದಿನ ಮತ್ತೆ ಕೇಂದ್ರಕ್ಕೆ ಬರುವುದನ್ನು ನೋಡಿದ್ದೇನೆ. ಮೊದಲ ವಾರ ಕೌನ್ಸೆಲಿಂಗ್‌ನಲ್ಲಿ ಬಾಯಿಯೇ ಬಿಡದವರು, ಈ ಕೋಣೆಯಿಂದ ಎದ್ದು ಬಂದ ಮೇಲೆ ಒಂದೆರಡು ಮಾತು ಆಡುತ್ತಾರೆ. ನಿದ್ದೆ ಸ್ವಲ್ಪ ಬಂತು ಅನ್ನುತ್ತಾರೆ. ಚಟ ಬಿಡುವವನಿಗೆ ಆ ಒಂದು ಸಂಜೆ ದಾಟುವುದೇ ದೊಡ್ಡ ಕೆಲಸ. ಅಷ್ಟು ಸಿಕ್ಕರೂ ನನಗೆ ಸಾಕು. ಅದು ಬಿಂದುವಿನಿಂದ ಬಂತೋ, ನಿಶ್ಶಬ್ದದಿಂದ ಬಂತೋ ಅಂತ ನಾನು ಹಟ ಹಿಡಿಯುವುದಿಲ್ಲ.

ಖಿನ್ನತೆಯ ವಿಷಯದಲ್ಲಿ ಲೆಕ್ಕ ಇದಕ್ಕಿಂತ ಸ್ವಲ್ಪ ಚೆನ್ನಾಗಿದೆ. 2013ರಲ್ಲಿ ಬ್ರಿಟನ್‌ನಲ್ಲಿ 755 ಜನರ ಮೇಲೆ ಪ್ರಯೋಗ ನಡೆಯಿತು. ಮಾಮೂಲಿ ಚಿಕಿತ್ಸೆಯ ಜೊತೆಗೆ ಕೆಲವರಿಗೆ ಸೂಜಿ, ಕೆಲವರಿಗೆ ಕೌನ್ಸೆಲಿಂಗ್. ಮೂರು ತಿಂಗಳಾದ ಮೇಲೆ ಬರೀ ಮಾಮೂಲಿ ಚಿಕಿತ್ಸೆಯಲ್ಲಿದ್ದವರಿಗಿಂತ ಈ ಎರಡೂ ಗುಂಪಿನವರು ಹಗುರಾಗಿದ್ದರು. ಗಮನಿಸಿ, ಇಲ್ಲಿ ಯಾರ ಮಾತ್ರೆಯನ್ನೂ ನಿಲ್ಲಿಸಿರಲಿಲ್ಲ. ಸೂಜಿ ಸೇರಿದ್ದು ಅದರ ಜೊತೆಗೆ. 2018ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯವರು 64 ಅಧ್ಯಯನಗಳನ್ನು ನೋಡಿ, ಖಿನ್ನತೆ ಸ್ವಲ್ಪ ಕಡಿಮೆಯಾಗಬಹುದು, ಆದರೆ ಅಧ್ಯಯನಗಳ ಗುಣಮಟ್ಟ ಅಷ್ಟಕ್ಕಷ್ಟೆ ಅಂದರು.

‘ಲಿವರ್‌ನಲ್ಲಿ ಚೀ ಕಟ್ಟಿಕೊಂಡಿದೆ’ ಎಂಬ ಮಾತಿಗೆ ಬರೋಣ. ಇದು ಸ್ಕ್ಯಾನ್‌ನಲ್ಲಿ ಕಾಣುವ ಲಿವರ್‌ನ ಮಾತಲ್ಲ. ಚೀನಾದ ವೈದ್ಯದಲ್ಲಿ ಒಂದೊಂದು ಭಾವನೆಗೂ ಒಂದೊಂದು ಅಂಗವಿದೆ. ಸಿಟ್ಟು ಲಿವರ್‌ಗೆ, ದುಃಖ ಶ್ವಾಸಕೋಶಕ್ಕೆ, ಭಯ ಕಿಡ್ನಿಗೆ, ಅತಿಯಾದ ಯೋಚನೆ ಗುಲ್ಮಕ್ಕೆ ಸೇರುತ್ತದೆ. ಮನಸ್ಸು ನೆಲೆಸಿರುವುದು ಹೃದಯದಲ್ಲಿ. ಹಾಗಾಗಿ ‘ಎದೆ ಬಿಗಿ, ನಿಟ್ಟುಸಿರು, ಸಿಡಿಮಿಡಿ’ ಅಂದರೆ ಅವರು ಲಿವರ್ ಅನ್ನುತ್ತಾರೆ. ಈ ಭಾಷೆಯನ್ನು ನಾನು ತಳ್ಳಿಹಾಕುವುದಿಲ್ಲ. ‘ನನಗೆ ಖಿನ್ನತೆ’ ಅಂತ ಬಾಯಿಬಿಟ್ಟು ಹೇಳಲಾಗದವರು ‘ಎದೆ ಕಟ್ಟಿದೆ’ ಅಂತ ಹೇಳಬಲ್ಲರು. 1980ರಲ್ಲಿ ಆರ್ಥರ್ ಕ್ಲೈನ್‌ಮನ್ ಎಂಬ ಮನೋವೈದ್ಯರು ಚೀನಾದ ಚಾಂಗ್ಶಾದಲ್ಲಿ ‘ನರ ದೌರ್ಬಲ್ಯ’ ಅಂತ ಬಂದಿದ್ದ 100 ಜನರನ್ನು ಕೂರಿಸಿ ಮಾತಾಡಿಸಿದರು. ತಲೆನೋವು, ಸುಸ್ತು, ನಿದ್ದೆಯಿಲ್ಲ ಅಂತಿದ್ದ ಅವರಲ್ಲಿ 87 ಜನರಿಗೆ ಇದ್ದದ್ದು ಖಿನ್ನತೆ. ಹಾಗಾಗಿ ಆ ಚಿಕಿತ್ಸಕರು ನಿಮ್ಮ ತಮ್ಮನ ಸಂಕಟವನ್ನು ಗುರುತಿಸಿದ್ದಾರೆ ಅಂತ ಒಪ್ಪೋಣ. ಆದರೆ ಕುಡಿತದಿಂದ ಹಾಳಾದ ನಿಜವಾದ ಲಿವರ್ ಹೇಗಿದೆ ಅಂತ ತಿಳಿಯಲು ರಕ್ತಪರೀಕ್ಷೆ ಬೇರೆಯೇ ಆಗಬೇಕು.

ಅದಕ್ಕೇ ಪುಡಿಯ ಬಗ್ಗೆ ನಾನು ಇಷ್ಟು ಬಿಗಿ. ಸುಮಾರು 1800 ವರ್ಷದ ಹಿಂದೆ ಜಾಂಗ್ ಜೋಂಗ್‌ಜಿಂಗ್ ಎಂಬ ವೈದ್ಯರು, ಕಾರಣವಿಲ್ಲದೆ ಅಳುವವರಿಗೆ ಜ್ಯೇಷ್ಠಮಧು, ಗೋಧಿ, ಎಲಚಿ ಜಾತಿಯ ಕೆಂಪು ಹಣ್ಣಿನ ಕಷಾಯ ಹೇಳಿದ್ದರು. ಕೇಳಿದರೆ ಎಷ್ಟು ಸಾಧು ಅನ್ನಿಸುತ್ತದೆ ಅಲ್ವಾ? ಆದರೆ ಜ್ಯೇಷ್ಠಮಧು ಜಾಸ್ತಿಯಾದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಕುಡಿಯುವವರಲ್ಲಿ ಪೊಟ್ಯಾಸಿಯಂ ಮೊದಲೇ ಕಡಿಮೆ ಇರುವುದು ಸಾಮಾನ್ಯ, ಇನ್ನೂ ಇಳಿದರೆ ಎದೆಬಡಿತ ತಪ್ಪಬಹುದು. ಹೆ ಶೌ ವು ಎಂಬ ಬೇರಿನಿಂದ ಲಿವರ್‌ಗೆ ಪೆಟ್ಟುಬಿದ್ದ ಎಷ್ಟೋ ವರದಿಗಳಿವೆ. ಮನಸ್ಸು ಶಾಂತವಾಗಲಿ ಅಂತ ಕೊಡುತ್ತಿದ್ದ ಕೆಲವು ಹಳೆಯ ಗುಳಿಗೆಗಳಲ್ಲಿ ಇಂಗಲೀಕ ಇರುತ್ತಿತ್ತು, ಅಂದರೆ ಪಾದರಸ. 1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಚೀನಾ ಮೂಲಿಕೆ ತಿಂದ ಹೆಂಗಸರ ಕಿಡ್ನಿಗಳೇ ಹೋದವು. ಒಂದು ಮೂಲಿಕೆಯ ಜಾಗದಲ್ಲಿ ಅರಿಸ್ಟೊಲೋಕಿಯ ಎಂಬ ವಿಷದ ಗಿಡ ಸೇರಿತ್ತು.

ಇನ್ನೂ ಹಳೆಯ ಪಾಠವೊಂದಿದೆ. 19ನೇ ಶತಮಾನದ ಕೊನೆಯಲ್ಲಿ ಚೀನಾದಲ್ಲಿ ಅಫೀಮು ಬಿಡಿಸುವ ಗುಳಿಗೆಗಳು ಭರ್ಜರಿಯಾಗಿ ಮಾರಾಟವಾದವು. ಅವುಗಳಲ್ಲಿ ಎಷ್ಟೋ ಗುಳಿಗೆಗಳಲ್ಲಿ ಇದ್ದದ್ದು ಮಾರ್ಫಿನ್. ಜನ ಒಂದು ಚಟ ಬಿಟ್ಟು ಇನ್ನೊಂದಕ್ಕೆ ಬಿದ್ದರು. ಪುಡಿಯಲ್ಲಿ ಏನಿದೆ ಅಂತ ಚೀಟಿಯಲ್ಲಿ ಬರೆದುಕೊಡದವರ ಹತ್ತಿರ ಪುಡಿ ತೆಗೆದುಕೊಳ್ಳಬೇಡಿ.

ಮೂಲಿಕೆಗಳಲ್ಲಿ ಏನೂ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕುಡಿತಕ್ಕೆ ಚೀನಾದಲ್ಲಿ ಗೆಗೆನ್ ಎಂಬ ಬಳ್ಳಿಯ ಬೇರನ್ನು ತುಂಬಾ ಹಿಂದಿನಿಂದ ಕೊಡುತ್ತಾರೆ, ಕುಡ್ಜು ಅಂತಲೂ ಕರೆಯುತ್ತಾರೆ. 1993ರಲ್ಲಿ ಹಾರ್ವರ್ಡ್‌ನ ವಿಜ್ಞಾನಿಗಳು ಅದರ ಒಂದು ಅಂಶದಿಂದ ಹ್ಯಾಮ್‌ಸ್ಟರ್‌ಗಳು ಕುಡಿಯುವುದು ಇಳಿಯಿತು ಅಂತ ತೋರಿಸಿದರು. 2005ರಲ್ಲಿ ಒಂದು ಸಣ್ಣ ಅಧ್ಯಯನದಲ್ಲಿ ಮನುಷ್ಯರೂ ಬಿಯರ್ ಕಡಿಮೆ ಕುಡಿದರು, ಆದರೆ ಕುಡಿಯಬೇಕೆಂಬ ಆಸೆ ಇಳಿಯಲಿಲ್ಲ. ಸಂಶೋಧನೆ ಮುಂದುವರಿಯಲಿ. ನಿಮ್ಮ ತಮ್ಮನಿಗೆ ಇವತ್ತಿಗೆ ನಾಲ್ಟ್ರೆಕ್ಸೋನ್, ಅಕ್ಯಾಂಪ್ರೊಸೇಟ್‌ನಂತಹ ಪರೀಕ್ಷೆ ಮಾಡಿದ ಔಷಧಿಗಳಿವೆ. ವೈದ್ಯರನ್ನು ಅವುಗಳ ಬಗ್ಗೆ ಕೇಳಿ.

ಈಗ ತುಂಬಾ ಮುಖ್ಯವಾದ ಮಾತು. ದಿನಾ ಜಾಸ್ತಿ ಕುಡಿಯುವವರು ಒಂದೇ ದಿನದಲ್ಲಿ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಮೊದಲ ದಿನವೇ ಕೈನಡುಕ, ಬೆವರು ಶುರುವಾಗುತ್ತದೆ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಜ್ವರ, ಗಾಬರಿ, ಇಲ್ಲದ್ದು ಕಾಣಿಸುವುದು, ದಿಕ್ಕು ತಪ್ಪುವುದು ಆಗುತ್ತದೆ. ಇದನ್ನು ಯಾವ ಸೂಜಿಯೂ ತಡೆಯುವುದಿಲ್ಲ. ಆಸ್ಪತ್ರೆಯಲ್ಲಿ ಔಷಧಿ ಕೊಟ್ಟು, ಥಯಾಮಿನ್ ವಿಟಮಿನ್ ಕೊಟ್ಟು ದಾಟಿಸಬೇಕು. ಹಾಗಾಗಿ ‘ನಾಳೆಯಿಂದ ಸೂಜಿ, ನಾಳೆಯಿಂದಲೇ ಕುಡಿತ ಬಂದ್’ ಎಂಬ ಯೋಜನೆ ಇದ್ದರೆ ದಯವಿಟ್ಟು ನಿಲ್ಲಿಸಿ, ಮೊದಲು ವೈದ್ಯರನ್ನು ನೋಡಿ. ಖಿನ್ನತೆಯ ಮಾತ್ರೆ ತಟ್ಟನೆ ಬಿಟ್ಟರೆ ತಲೆಸುತ್ತು, ಸಿಡಿಮಿಡಿ, ನಿದ್ದೆಗೇಡು ಬರುತ್ತದೆ, ಖಿನ್ನತೆಯೂ ಮರಳಬಹುದು. ಆಗ ಬಾಟಲಿಯೇ ಹತ್ತಿರ ಅನ್ನಿಸುತ್ತದೆ. ಸಾಯುವ ಮಾತು ಆಡಿದರೆ ಯಾವ ಅಪಾಯಿಂಟ್‌ಮೆಂಟಿಗೂ ಕಾಯಬೇಡಿ, ಅವತ್ತೇ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ.

ಇದನ್ನು ಓದುತ್ತಿರುವ ಇನ್ಯಾರದೋ ಮನೆಯಲ್ಲಿ ಹೆರಾಯಿನ್ ಇರಬಹುದು, ಅವರಿಗೂ ಒಂದು ಮಾತು. ಮೆಥಡೋನ್, ಬ್ಯುಪ್ರೆನಾರ್ಫಿನ್ ಜೀವ ಉಳಿಸುವ ಔಷಧಿಗಳು. ಅವನ್ನು ಬಿಟ್ಟು ಬರೀ ಸೂಜಿಯಿಂದ ದೇಹ ಶುದ್ಧ ಮಾಡಿಸಿಕೊಂಡವರು ಕೆಲವು ವಾರದ ನಂತರ ಹಳೇ ಪ್ರಮಾಣದಲ್ಲೇ ತೆಗೆದುಕೊಂಡರೆ ದೇಹ ತಡೆಯುವುದಿಲ್ಲ. ಸಾವುಗಳು ಆಗುವುದು ಹೆಚ್ಚಾಗಿ ಅಲ್ಲೇ.

ಆ ಚಿಕಿತ್ಸಕರ ಹತ್ತಿರ ಹೋದಾಗ ಸೂಜಿ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಲಿ, ಒಮ್ಮೆ ಬಳಸಿ ಬಿಸಾಡುವ ಸೂಜಿಯೇ ಆಗಿರಲಿ. ನಿಮ್ಮ ತಮ್ಮ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ‘ಮಾತ್ರೆ ಮುಂದುವರಿಸುತ್ತೇವೆ, ಮನೋವೈದ್ಯರಿಗೂ ಈ ವಿಷಯ ಹೇಳಿದ್ದೇವೆ’ ಅನ್ನಿ. ಒಪ್ಪಿದರೆ ಒಳ್ಳೆಯವರು ಸಿಕ್ಕರು. ಮಾತ್ರೆ ಬಿಟ್ಟರೆ ಮಾತ್ರ ಸೂಜಿ ಅಂತ ಮತ್ತೆ ಅಂದರೆ ಬೇರೆಯವರನ್ನು ಹುಡುಕಿ.

ತಮ್ಮನ ಹೆದರಿಕೆಗೆ ಒಂದು ದಾರಿ ಇದೆ. ಸೂಜಿಯ ಬದಲು ಸಣ್ಣ ಬೀಜವನ್ನು ಟೇಪ್‌ನಿಂದ ಅದೇ ಬಿಂದುಗಳಿಗೆ ಅಂಟಿಸುತ್ತಾರೆ. ನೋವಿಲ್ಲ, ಆಗಾಗ ಬೆರಳಿನಿಂದ ಒತ್ತಿಕೊಂಡರೆ ಆಯಿತು. ಮೊದಲು ಅದನ್ನೇ ಕೇಳಿ ನೋಡಿ. ಗುಂಪಿನಲ್ಲಿ ಮಾಡುವ ಕಡೆಯಾದರೆ ಮನೆಯವರಿಗೂ ಹಾಕುತ್ತಾರೆ. ನೀವೂ ಪಕ್ಕದ ಕುರ್ಚಿಯಲ್ಲಿ ಕೂರಿ. ಇಷ್ಟು ವರ್ಷ ಅವನನ್ನು ಕಾಯ್ದುಕೊಂಡು ಬಂದವರು ನೀವು, ನಿಮಗೂ ನಿದ್ದೆ ಕೆಟ್ಟಿರುತ್ತದೆ.