ಮೊದಲು ಟೀ ಹೇಳುವುದನ್ನು ಕಲಿ

ಅಕ್ಕಾ ಅಂತ ಕರೆದು ಬರೆದಿದ್ದೀಯ, ಹಾಗಾಗಿ ಬಹುವಚನ ಬಿಟ್ಟೇ ಉತ್ತರ ಕೊಡುತ್ತೇನೆ. ಗಂಡನಿಗೆ ಮಲೇಷ್ಯಾದ ಪಿನಾಂಗ್‌ನಲ್ಲಿ ಚಿಪ್ ಕಂಪನಿ ಕೆಲಸ, ಎರಡು ವರ್ಷ ಇರುತ್ತೀರಿ. ಟೂರಿಸ್ಟ್‌ಗಳ ಹಾಗೆ ಫೋಟೋ ಹೊಡೆದುಕೊಂಡು ಬರುವುದು ಬೇಡ, ಅಲ್ಲಿಯ ಜನರ ಬದುಕು ನೋಡಬೇಕು, ಎಲ್ಲಿಗೆ ಹೋಗಲಿ ಅಂತ ಕೇಳಿದ್ದೀಯ. ನಾವು ಸಸ್ಯಾಹಾರಿಗಳು, ಕಷ್ಟ ಆಗುತ್ತಾ ಅಂತಲೂ ಕೇಳಿದ್ದೀಯ. ನಾನು ಸಾಗರ ಬಿಟ್ಟು ಇಲ್ಲಿಗೆ ಬಂದು ಹದಿನಾಲ್ಕು ವರ್ಷ ಆಯಿತು. ಗೊತ್ತಿರುವುದನ್ನು ಹೇಳುತ್ತೇನೆ.

ಸದ್ಯಕ್ಕೆ ಎಲ್ಲಿಗೂ ಹೋಗಬೇಡ. ಮನೆ ಹತ್ತಿರದ ಒಂದು ಟೀ ಅಂಗಡಿ ಹಿಡಿ. ದಿನಾ ಅದೇ ಹೊತ್ತಿಗೆ, ಅದೇ ಅಂಗಡಿಗೆ ಹೋಗು.

ತಮಿಳು ಮುಸ್ಲಿಮರು ನಡೆಸುವ ಹೋಟೆಲಿಗೆ ಇಲ್ಲಿ ಮಾಮಾಕ್ ಅಂತಾರೆ. ಎಷ್ಟೋ ಕಡೆ ರಾತ್ರಿಯಿಡೀ ತೆರೆದಿರುತ್ತದೆ. ಅಲ್ಲಿ ಹೋಗಿ ಸುಮ್ನೆ 'ತೇ' ಅಂದರೆ ಕಂಡೆನ್ಸ್‌ಡ್ ಹಾಲು ಸುರಿದ, ಪಾಯಸದಂಥ ಟೀ ಬರುತ್ತದೆ. 'ತೇ ಓ' ಅಂದರೆ ಹಾಲಿರುವುದಿಲ್ಲ, ಸಕ್ಕರೆ ಇರುತ್ತದೆ. ಅದೂ ಬೇಡ ಅಂದರೆ 'ತೇ ಓ ಕೊಸೊಂಗ್'. ಕೊಸೊಂಗ್ ಅಂದರೆ ಖಾಲಿ, ಸೊನ್ನೆ. ಸಿಹಿ ಕಡಿಮೆ ಸಾಕು ಅಂದರೆ 'ಕುರಾಂಗ್ ಮಾನಿಸ್'. ಪಾರ್ಸೆಲ್‌ಗೆ 'ಬುಂಗ್ಕುಸ್' ಅನ್ನು. ಕುದಿಯುವ ಟೀಯನ್ನು ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಬಾಯಿಗೆ ದಾರ ಬಿಗಿದು, ಸ್ಟ್ರಾ ಸಿಕ್ಕಿಸಿ ಕೊಡುತ್ತಾರೆ. ಅದನ್ನು ಬೆರಳಿಗೆ ನೇತುಹಾಕಿಕೊಂಡು ರಸ್ತೆ ದಾಟುವುದು ಅಭ್ಯಾಸವಾಗಲು ನನಗೆ ಒಂದು ತಿಂಗಳು ಬೇಕಾಯಿತು, ಅಷ್ಟರಲ್ಲಿ ಎರಡು ಚೂಡಿದಾರ್ ಹಾಳಾಗಿದ್ದವು.

ಮೂರನೇ ತಿಂಗಳು ನಾನು ಕೂರುವ ಮೊದಲೇ ಮೇಜಿಗೆ ಟೀ ಬಂತು. ಆ ವಾರವೇ ಪಕ್ಕದ ಮೇಜಿನ ಮಲಯ್ ಹೆಂಗಸು ಮಾತಾಡಿಸಿದಳು. 'ಕಾಕ್' ಅಂತ ಕರೆದಳು. ಅಕ್ಕ ಅಂತ ಅರ್ಥ, ಕೇಳಲೂ ಹೆಚ್ಚುಕಡಿಮೆ ಹಾಗೇ ಇದೆ ಅಲ್ವಾ? ಆ ವರ್ಷದ ಹರಿ ರಾಯಕ್ಕೆ ಅವಳ ಮನೆಯಿಂದ ಕರೆ ಬಂತು. ಹರಿ ರಾಯ ಅಂದರೆ ಯಾರೋ ಕೊಂಕಣಿ ಮಾವನ ಹೆಸರು ಅಂದುಕೊಳ್ಳಬೇಡ. ದೊಡ್ಡ ದಿನ ಅಂತ ಅರ್ಥ, ರಂಜಾನ್ ಉಪವಾಸ ಮುಗಿದ ಮೇಲಿನ ಹಬ್ಬ. ಆಗ 'ಓಪನ್ ಹೌಸ್' ಇಟ್ಟು ಯಾವ ಧರ್ಮದವರನ್ನಾದರೂ ಮನೆಗೆ ಕರೆದು ಊಟ ಹಾಕುತ್ತಾರೆ. ಚಪ್ಪಲಿ ಹೊರಗೆ ಬಿಡು, ಬಲಗೈಯಲ್ಲಿ ಉಣ್ಣು, ಇವೆಲ್ಲ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹೊಸದು ಅಂದರೆ ತೋರುಬೆರಳು ತೋರಿಸಿ ಮಾತಾಡಬಾರದು. ಏನನ್ನಾದರೂ ತೋರಿಸಬೇಕಾದರೆ ಮುಷ್ಟಿ ಮಡಿಸಿ ಹೆಬ್ಬೆರಳು ಮುಂದೆ ಮಾಡುತ್ತಾರೆ. ಗಂಡಸರು ತಾವಾಗಿ ಕೈ ಚಾಚದಿದ್ದರೆ ನೀನೂ ಚಾಚಬೇಡ, ಎದೆ ಮೇಲೆ ಕೈ ಇಟ್ಟು ತಲೆ ಬಾಗಿಸಿದರೆ ಸಾಕು.

ಭಾಷೆಗೆ ಹೆದರಬೇಡ. ಮಲಯ್‌ನಲ್ಲಿ ಸಂಸ್ಕೃತದ ಪದ ತುಂಬಾ ಇವೆ. ಭಾಷೆಗೆ ಬಾಹಾಸಾ, ಉಪವಾಸಕ್ಕೆ ಪುವಾಸಾ, ಗಂಡನಿಗೆ ಸುಆಮಿ, ಹೆಂಡತಿಗೆ ಇಸ್ತೆರಿ. ಕರೆಂಟ್ ಕಂಬದ ಮೇಲೆ 'ಬಾಹಾಯಾ' ಅಂತ ಕಂಡರೆ ಭಯ ಪಡು, ಅಪಾಯ ಅಂತ ಅರ್ಥ. 'ದೋಸಾ' ಮಾತ್ರ ಹುಷಾರು. ಅದು ನಮ್ಮ ದೋಷ, ಅಂದರೆ ಪಾಪ. ಬೆಳಿಗ್ಗೆ ಬೆಳಿಗ್ಗೆ ಎರಡು ಪಾಪ ಕೊಡಿ ಅಂತ ಕೇಳಿದ ಹಾಗಾಗುತ್ತದೆ. ಇಲ್ಲಿ 'ತೋಸೈ' ಅನ್ನಬೇಕು.

ಈಗ ಊಟದ ವಿಷಯ. ಸಾಂಬಾಲ್ ಅಂದರೆ ಸಾಂಬಾರ್ ಅಲ್ಲ, ಮೆಣಸಿನಕಾಯಿ ಅರೆದ ಖಾರದ ಚಟ್ನಿ. ಅದರಲ್ಲಿ ಬೆಲಾಚಾನ್ ಅನ್ನುವ ಸೀಗಡಿ ಪೇಸ್ಟ್ ಇರುತ್ತದೆ. ಸೊಪ್ಪಿನ ಪಲ್ಯ ತಾನೇ ಅಂತ ಕಾಂಗ್ಕುಂಗ್ ಅನ್ನುವ ಸೊಪ್ಪು ತರಿಸಿದರೂ ಹೆಚ್ಚಾಗಿ ಅದೇ ಕಥೆ. 'ತಾ ಮಾವು ಬೆಲಾಚಾನ್', ಬೆಲಾಚಾನ್ ಬೇಡ ಅಂತ ಮೊದಲೇ ಹೇಳಿಬಿಡು. ಚೀನೀಯರ ಸಸ್ಯಾಹಾರಿ ಹೋಟೆಲುಗಳು ಬೇಕಾದಷ್ಟಿವೆ, ಹಲವು ಕಡೆ ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ನಮ್ಮ ಅತ್ತೆ ಬಂದಾಗ ಧೈರ್ಯವಾಗಿ ಉಂಡಿದ್ದು ಅಲ್ಲೇ. ಚೀನೀ ಪಂಚಾಂಗದ ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನ ನವ ಚಕ್ರವರ್ತಿ ದೇವರುಗಳ ಹಬ್ಬ. ಕೆಲವು ವರ್ಷ ನಮ್ಮ ನವರಾತ್ರಿ ಜೊತೆಗೇ ಬರುತ್ತದೆ. ಆಗ ಎಷ್ಟೋ ಚೀನೀಯರು ಮಾಂಸ ಬಿಡುತ್ತಾರೆ, ಸಸ್ಯಾಹಾರ ಮಾರುವ ಗಾಡಿಗಳಿಗೆ ಹಳದಿ ಬಾವುಟ ಕಟ್ಟಿರುತ್ತಾರೆ. ಬಾವುಟ ನೋಡಿಕೊಂಡು ಹೋಗು.

ಪಿನಾಂಗ್‌ನ ರಾಜಧಾನಿ ಜಾರ್ಜ್ ಟೌನ್ 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಗೋಡೆಯ ಮೇಲಿನ ಸೈಕಲ್ ಮಕ್ಕಳ ಚಿತ್ರದ ಮುಂದೆ ಕ್ಯೂ ನಿಲ್ಲುವುದಿದ್ದರೆ ನಿಲ್ಲು, ಒಂದು ಸಲ ಸಾಕು. ಕ್ವೀನ್ ಸ್ಟ್ರೀಟ್‌ನಲ್ಲಿ 1833ರ ಮಾರಿಯಮ್ಮನ ಗುಡಿ ಇದೆ. ಮಸೀದಿ, ಚೀನೀ ಗುಡಿ, ಚರ್ಚು ಎಲ್ಲ ಅಲ್ಲೇ ಹತ್ತಿರ.

ನೀನು ನೋಡಲೇಬೇಕಾದದ್ದು ತಮಿಳರ ಮುರುಗನ ಹಬ್ಬ ತೈಪೂಸಂ, ಜನವರಿಗೋ ಫೆಬ್ರವರಿಗೋ ಬರುತ್ತದೆ. ಮುರುಗನ ತೇರು ಹಿಂದಿನ ದಿನ ಊರೊಳಗಿಂದ ವಾಟರ್‌ಫಾಲ್ ರಸ್ತೆ ಕಡೆಗೆ ಹೊರಡುತ್ತದೆ. ಅದು ಬರುವ ದಾರಿಯಲ್ಲಿ ತೆಂಗಿನಕಾಯಿ ಗುಡ್ಡೆ ಹಾಕಿರುತ್ತಾರೆ. ನಮ್ಮ ಈಡುಗಾಯಿಯೇ, ಆದರೆ ನಮ್ಮಲ್ಲಿ ಒಂದೋ ಎರಡೋ, ಇಲ್ಲಿ ಸಾವಿರಗಟ್ಟಲೆ. ಒಡೆಯುವವರಲ್ಲಿ ಚೀನೀಯರೂ ಜಾಸ್ತಿ. ವಯಸ್ಸಾದ ಚೀನೀ ಅಜ್ಜ ಒಬ್ಬ ಊದುಬತ್ತಿ ಹಿಡಿದು ಕಣ್ಣುಮುಚ್ಚಿ ನಿಂತು, ಆಮೇಲೆ ಒಂದೊಂದೇ ಕಾಯಿ ಎತ್ತಿ ಹೊಡೆಯುವುದನ್ನು ನೋಡಿದೆ. ಚೂರು ಸಿಡಿಯುತ್ತವೆ, ಚಪ್ಪಲಿ ಬಿಟ್ಟು ಶೂ ಹಾಕಿಕೊಂಡು ಹೋಗು. ರಸ್ತೆ ತುಂಬಾ ಎಳನೀರಿನ ಕೊಚ್ಚೆ. ತೇರು ಮುಂದೆ ಹೋದ ಮೇಲೆ ಗುದ್ದಲಿ ಹಿಡಿದು ಚಿಪ್ಪು ಬಳಿದು ಲಾರಿಗೆ ತುಂಬುತ್ತಾರೆ. ನಮ್ಮೂರಿನವರು ನೋಡಿದರೆ ಎಷ್ಟು ಕೊಬ್ಬರಿ ಹಾಳಾಯಿತು ಅಂತ ಲೆಕ್ಕ ಹಾಕುತ್ತಾ ನಿಲ್ಲುತ್ತಿದ್ದರು. ನಾನೂ ಹಾಕಿದೆ.

ನನ್ನದೊಂದು ಪೆದ್ದುತನವನ್ನೂ ಹೇಳುತ್ತೇನೆ. ನಮ್ಮ ಪಿತೃಪಕ್ಷದ ಆಸುಪಾಸಿನಲ್ಲಿ ಚೀನೀಯರಿಗೆ ಪ್ರೇತಗಳ ತಿಂಗಳು. ಬೀದಿಯಲ್ಲಿ ವೇದಿಕೆ ಕಟ್ಟಿ ನಾಟಕ, ಹಾಡು ನಡೆಸುತ್ತಾರೆ. ಮೊದಲ ವರ್ಷ ನಾನು ಹೋದಾಗ ಹಿಂದೆ ಜನ ನಿಂತಿದ್ದಾರೆ, ಮುಂದಿನ ಸಾಲಿನ ಕುರ್ಚಿಗಳೆಲ್ಲ ಖಾಲಿ. ಅದೃಷ್ಟ ಅಂತ ಹೋಗಿ ಕೂತೆ. ಒಬ್ಬ ಅಜ್ಜಿ ಓಡಿ ಬಂದು ತೋಳು ಹಿಡಿದು ಎಬ್ಬಿಸಿದಳು. ಆ ಸಾಲು ಸತ್ತವರಿಗೆ ಮೀಸಲು. ಆಟ ಅವರಿಗಾಗಿಯೇ, ಉಳಿದವರು ಹಿಂದೆ ನಿಂತು ನೋಡಬೇಕು. ಅಜ್ಜಿ ಬೈಯಲಿಲ್ಲ. ಪಕ್ಕಕ್ಕೆ ಕೂರಿಸಿಕೊಂಡು ಕಿತ್ತಳೆ ಸುಲಿದು ಕೊಟ್ಟಳು, ಆಗಾಗ ನನ್ನ ಮುಖ ನೋಡಿ ನಗುತ್ತಿದ್ದಳು.

ಜೂನ್ ಜುಲೈನಲ್ಲಿ ಬಾಲಿಕ್ ಪುಲಾವ್ ಕಡೆ ಹೋಗಿ ಡ್ಯೂರಿಯನ್ ಹಣ್ಣು ತಿನ್ನು. ಹೋಟೆಲುಗಳಲ್ಲಿ ಇದನ್ನು ತರಬಾರದು ಅಂತ ಬೋರ್ಡೇ ಹಾಕಿರುತ್ತಾರೆ, ಅಂಥ ವಾಸನೆ. ಹಲಸಿನ ಹಣ್ಣು ತಿಂದು ಬೆಳೆದವರು ಬೇಗ ಮೂಗು ಮುರಿಯಬಾರದು. ಮೊದಲ ತೊಳೆ ಕಷ್ಟ, ಎರಡನೆಯದು ಪರವಾಗಿಲ್ಲ, ಮೂರನೆಯದಕ್ಕೆ ಕೈ ತಾನಾಗೇ ಹೋಗುತ್ತದೆ. ತಿಂದ ಮೇಲೆ ಸಿಪ್ಪೆಯ ಒಳಗಡೆಗೆ ನೀರು ಹಾಕಿ, ಆ ನೀರಲ್ಲೇ ಕೈ ತೊಳೆದರೆ ವಾಸನೆ ಹೋಗುತ್ತದೆ ಅಂತಾರೆ. ನಾನೂ ಪ್ರತಿ ಸಲ ಹಾಗೇ ತೊಳೆಯುತ್ತೇನೆ. ಮಗಳು ಮಾತ್ರ ಬಾಗಿಲು ತೆರೆಯುವ ಮೊದಲೇ ಒಳಗಿಂದ, "ಅಮ್ಮಾ, ಸ್ನಾನ!" ಅಂತಾಳೆ.